ಗಿಳಿಹಸಿರು ನೀರುಗಾಡಿ

ಮನೆಯಿಂದ,
ಹದಿನಾರನೇ ತಾರೀಖು, ಶನಿವಾರ ಬೆಳಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಹೊಟ್ಟೆಯ ಉರಿ ಕಡಿಮೆಯಾಯಿತೇ? ನಾನು ಕೇಳುತ್ತಿರುವುದು ಹುಳಿತೇಗಿನ ಉರಿಯನ್ನು. ಇನ್ನೊಂದು ಬಗೆಯ ಹೊಟ್ಟೆಯುರಿ ಈ ಕಾಗದ ಓದಿ ಮುಗಿಸುವಷ್ಟರಲ್ಲಿ ನಿನಗೆ ತಾನಾಗಿಯೇ ಬರುತ್ತದೆ, ಅದಕ್ಕೆ ನನ್ನ ಬಳಿ ಔಷಧವಿಲ್ಲ. ಎಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀಯೋ ಇಲ್ಲವೋ? ಹೋದ ವಾರ ಫೋನಿನಲ್ಲಿ ಪ್ರತಿ ಮಾತಿಗೂ "ಏನಂದೆ, ಏನಂದೆ" ಎನ್ನುತ್ತಿದ್ದೆ. ಹಾಳಾದದ್ದು ಲೈನೋ ನಿನ್ನ ಕಿವಿಯೋ ತಿಳಿಯಲಿಲ್ಲ. ನೀರು ಕುಡಿ. ಸೆಖೆಯಲ್ಲಿ ದುಡಿಯುವವನು ಬಾಯಾರುವ ತನಕ ಕಾಯಬಾರದು ಎಂದು ನಿನ್ನ ಅಪ್ಪ ಊರಿಗೆಲ್ಲ ಹೇಳುತ್ತಿದ್ದರು, ತಾವು ಮಾತ್ರ ಕಾಯುತ್ತಿದ್ದರು. ಇಲ್ಲಿ ನಾನೂ ನಿನ್ನ ಹೆಂಡತಿಯೂ ಹೆಚ್ಚುಕಡಿಮೆ ಚೆನ್ನಾಗಿದ್ದೇವೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ.

ಹಿಂದಿನ ಕಾಗದದ ಕೊನೆಯಲ್ಲಿ ನೀನು ಒಂದು ಸಾಲು ಬರೆದಿದ್ದೆ: ಹಿಂದಿನ ಕೋಣೆಯಲ್ಲಿರುವ ಆ ಮುರುಕು ಜೆಟ್ ಸ್ಕೀಯನ್ನು ಗುಜರಿಗೆ ಹಾಕಿಬಿಡಿ, ಜಾಗವಾದರೂ ಉಳಿಯುತ್ತದೆ ಎಂದು. ಹಾಕಲಿಲ್ಲ. ಏಕೆ ಹಾಕಲಿಲ್ಲ ಎಂಬುದೇ ಈ ಕಾಗದ. ಕೂರಲು ಸೀಟೇ ಇಲ್ಲದ, ನಿಂತುಕೊಂಡೇ ಓಡಿಸಬೇಕಾದ ಆ ವಸ್ತುವನ್ನು ನಾನು ಮೊದಲ ದಿನದಿಂದ ನೀರುಗಾಡಿ ಎಂದೇ ಕರೆದವಳು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಹಡಗು ಹತ್ತಲು ಹತ್ತು ದಿನ ಇರುವಾಗ ನೀನು ಅದನ್ನು ಕೆರೆಕಟ್ಟೆಯ ಕಲ್ಲಿಗೆ ಗುದ್ದಿ, ಮೂತಿ ಒಡೆದು, ಎಂಜಿನ್ನಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಮೇಲೆ ಟಾರ್ಪಾಲು ಹೊದಿಸಿ ಹೊರಟುಹೋದೆ. ಮನೆಯಷ್ಟು ದೊಡ್ಡ ಎಂಜಿನ್ನನ್ನು ನೋಡಿಕೊಳ್ಳುವ ಮಗ, ಮನೆಯಲ್ಲಿರುವ ಹಿಡಿಯಷ್ಟು ಎಂಜಿನ್ನನ್ನು ಹಾಗೆ ಬಿಟ್ಟುಹೋದನಲ್ಲ ಎಂದು ನಾನು ಆಡಿಕೊಂಡದ್ದುಂಟು. ಫೋನಿನಲ್ಲಿಯೇ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಫೋನು ಇರುವುದು ನಡುಮನೆಯಲ್ಲಿ, ನಿನ್ನ ಹೆಂಡತಿಯ ಕಿವಿ ಇರುವುದು ಮನೆಯ ತುಂಬ. ನಾನು ಈಗ ಬಿಟ್ಟುಕೊಡಲಿರುವುದು ಅವಳ ಗುಟ್ಟು.

ಅವಳು ವಾರ ವಾರವೂ ನಿನಗೆ "ಆಸ್ಪತ್ರೆ ಚೆನ್ನಾಗಿದೆ" ಎನ್ನುತ್ತಿದ್ದಳಲ್ಲ, ಅದು ಸುಳ್ಳಲ್ಲ. ಆಸ್ಪತ್ರೆ ಚೆನ್ನಾಗಿಯೇ ಇದೆ. ನಾಲ್ಕು ತಿಂಗಳಿಂದ ಅವಳು ಅಲ್ಲಿಗೆ ಹೋಗುತ್ತಿರಲಿಲ್ಲ, ಅಷ್ಟೇ. ನಡೆದದ್ದು ಇಷ್ಟು. ಪೇಟೆಬೀದಿಯ ಕ್ಷೌರದಂಗಡಿಯವರು ಏಣಿಯಿಂದ ಬಿದ್ದು ಬಲ ಮುಂಗೈ ಮುರಿದುಕೊಂಡು ಬಂದರು. ಸುತ್ತಲೂ ಪೂರ್ತಿ ಕಟ್ಟು ಹಾಕುವಂತೆ ವೈದ್ಯರು ಬರೆದುಕೊಟ್ಟರು, ಪ್ಲಾಸ್ಟರ್ ಕೋಣೆಯಲ್ಲಿ ಇವಳು ಹಾಕಿದಳು. ಕಟ್ಟಿನೊಳಗೆ ಊತ ಏರಿತು. ಆ ಮನುಷ್ಯ ಸ್ವಭಾವದಲ್ಲಿ ಸಾಧು. ನೋವು ಎಂದು ಗಲಾಟೆ ಮಾಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದು ಮರುದಿನ ಮಧ್ಯಾಹ್ನ ಬಂದರು. ಬರುವಷ್ಟರಲ್ಲಿ ಬೆರಳುಗಳು ನೀಲಿಯಾಗಿದ್ದವು. ಕತ್ತರಿಸಿ, ಬಿಡಿಸಿ, ಶಸ್ತ್ರಚಿಕಿತ್ಸೆ ಮಾಡಿ ಕೈಯನ್ನೇನೋ ಉಳಿಸಿದರು. ಉಂಗುರದ ಬೆರಳೂ ಕಿರುಬೆರಳೂ ಮಾತ್ರ ಮಡಚುವುದಿಲ್ಲ, ಇವತ್ತಿಗೂ ಮಡಚುವುದಿಲ್ಲ. ವಿಚಾರಣೆ ನಡೆಯಿತು. ಇವಳ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ನನ್ನ ಮುಂದೆ ಒಂದೇ ಒಂದು ಸಲ ಬಾಯಿ ಬಿಟ್ಟಳು: "ಕಟ್ತಾ ಇರೋವಾಗ್ಲೇ ನನ್ನ ಕೈಗೆ ಗೊತ್ತಾಗಿತ್ತು ಅತ್ತೆ, ಊತ ಇನ್ನೂ ಏರುತ್ತೆ ಅಂತ. ಉದ್ದಕ್ಕೆ ಒಂದು ಸೀಳು ಬಿಡಬೇಕಿತ್ತು. ಡಾಕ್ಟರನ್ನ ಕೇಳೋಕೆ ಸಂಕೋಚಪಟ್ಟೆ." ಅಷ್ಟು ಹೇಳಿ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅಂದಿನಿಂದ ಅವಳ ಕೈ ನಡುಗತೊಡಗಿತು ಮಗಾ. ಚಹಾದ ಲೋಟ ತಟ್ಟೆಯ ಮೇಲೆ ಕಟಕಟ ಎನ್ನುತ್ತಾ ಬರುತ್ತಿತ್ತು. ಸೂಜಿಗೆ ದಾರ ಪೋಣಿಸಲಾರದೆ ನನ್ನ ಕೈಗೆ, ಅರವತ್ತೇಳು ವರ್ಷದ ಕನ್ನಡಕದವಳ ಕೈಗೆ, ಕೊಡುತ್ತಿದ್ದಳು. ರಜೆ ಹಾಕಿದಳು, ಮುಂದುವರಿಸಿದಳು, ಮತ್ತೆ ಮುಂದುವರಿಸಿದಳು. ನಿನಗೆ ಹೇಳೋಣವೆಂದರೆ, ನೀನು ನಡುನೀರಿನಲ್ಲಿ ಇರುವವನು, ಬರಲೂ ಆಗದೆ ಇರಲೂ ಆಗದೆ ಒದ್ದಾಡುತ್ತೀಯೆಂದು ಬೇಡವೆಂದಳು. ನನಗೋ ಸಮಾಧಾನ ಹೇಳಲು ಬರುವುದಿಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು, ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿದ್ದವಳು. ನಿಜ ಹೇಳುತ್ತೇನೆ, ಮದುವೆಯಾಗಿ ಬಂದ ಆರು ವರ್ಷವೂ ನಾನು ಅವಳನ್ನು ಕರಡಿನ ಹಾಗೆಯೇ ಓದಿದ್ದೆ: ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಲಿಲ್ಲ, ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆದಳು, ಹೀಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಿಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂದಿತ್ತು. ಒಂದೇ ಮನೆಯಲ್ಲಿ ಎರಡು ಬಾಗಿಲು ಹಾಕಿಕೊಂಡು ಇದ್ದೆವು.

ನಿನ್ನ ಕಾಗದ ಬಂದದ್ದು ಆಗಲೇ. ಗುಜರಿಯವನನ್ನು ನಾನೇ ಕರೆಸಿದೆ. ಅವನು ಬಂದು ಟಾರ್ಪಾಲು ಎಳೆದ. ಎಂಟು ತಿಂಗಳ ಧೂಳು ಎದ್ದಿತು. ನಿನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಸುಮ್ಮನೆ, ಗುಡಿಸಲು ಬಂದವಳ ಹಾಗೆ ಪೊರಕೆ ಹಿಡಿದುಕೊಂಡು. ಅವನು ಗಾಡಿಯ ಮೂತಿಯನ್ನು ಕಾಲಿನಿಂದ ತಳ್ಳಿ ನೋಡಿದ. ಒಡೆದ ಜಾಗ ಕರ್ ಎಂದಿತು. ಆ ಸದ್ದು ಕೇಳಿದ್ದೇ ತಡ, ಇವಳು ಪೊರಕೆ ಬಿಸಾಕಿ ಬಂದು ನೆಲಕ್ಕೆ ಕೂತು, ಆ ಬಿರುಕಿನ ಎರಡೂ ಬದಿಗೆ ಎರಡು ಅಂಗೈ ಇಟ್ಟಳು. ಮುರಿದ ಕಾಲನ್ನು ಯಾರಾದರೂ ಅಲುಗಾಡಿಸಿದರೆ ಹಿಡಿದು ನಿಲ್ಲಿಸುತ್ತಾರಲ್ಲ, ಹಾಗೆ. ಬಹಳ ಹೊತ್ತು ಬಿರುಕಿನೊಳಗೆ ಬಗ್ಗಿ ನೋಡಿದಳು. ಆಮೇಲೆ ಗುಜರಿಯವನಿಗೆ "ಇದು ಕೊಡೋದಲ್ಲ, ಹೋಗಿಬನ್ನಿ" ಎಂದಳು. ನನ್ನ ಕಡೆ ತಿರುಗಿ, ಇದೂ ಗಾಜಿನ ನಾರೇ ಅತ್ತೆ, ನಾನು ದಿನಾ ಕೈಗೆ ಕಾಲಿಗೆ ಸುತ್ತುತ್ತಿದ್ದದ್ದೇ ಎಂದಳು. ನನಗೆ ಅಂದು ಮೊದಲ ಬಾರಿಗೆ ಗೊತ್ತಾಯಿತು. ದೋಣಿಯ ಮೈಯೂ ಮುರಿದ ಕಾಲಿನ ಈಗಿನ ಕಟ್ಟೂ ಒಂದೇ ಕುಲದವು; ಗಾಜನ್ನು ನೂಲಿನ ಹಾಗೆ ಎಳೆದು ಬಟ್ಟೆ ನೇಯ್ದು, ಅಂಟು ಕುಡಿಸಿ, ಒಣಗಿಸಿದರೆ ಕಲ್ಲಿನಂತಾಗುತ್ತದೆಯಂತೆ. ಗಾಜಿನಿಂದ ಬಟ್ಟೆ. ಇಷ್ಟು ವರ್ಷ ಬದುಕಿದ್ದೂ ಇದು ತಿಳಿದಿರಲಿಲ್ಲವಲ್ಲ ಎಂದು ಆ ದಿನವೆಲ್ಲ ಬಾಯಿಬಿಟ್ಟುಕೊಂಡು ಓಡಾಡಿದೆ.

ಕೋಣೆಯ ಕಿಟಕಿಗಳನ್ನೆಲ್ಲ ತೆಗೆದು, ಬೀದಿಯ ನಾಲ್ಕು ಜನರನ್ನು ಕೈಗೂಡಿಸಲು ಕರೆದು, ಹಳೆಯ ಊಟದ ಮೇಜಿನ ಮೇಲೆ ಗಾಡಿಯನ್ನು ಬೋರಲು ಹಾಕಿದೆವು. ನನಗಿಂತ ಒಂದು ಮೊಳ ಉದ್ದ. ಬಿರುಕಿನ ಸುತ್ತ ಅಂಗೈ ಅಗಲ ಜಾಗವನ್ನು ಅವಳು ಉಜ್ಜಿ ಉಜ್ಜಿ ಇಳಿಜಾರು ಮಾಡಿದಳು, ಹೊಸ ಪದರ ಹಳೆಯದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು. ಇಬ್ಬರಿಗೂ ಮೂಗು ಬಾಯಿ ಮುಚ್ಚುವ ಮುಖವಾಡ, ತೋಳುದ್ದದ ಕೈಗವಸು. ಆದರೂ ಗಾಜಿನ ಧೂಳು ಕುತ್ತಿಗೆಯಲ್ಲಿ ಚುಚ್ಚಿ ನಾನು ಮೂರು ದಿನ ಕೆರೆದುಕೊಂಡೆ. ಉಜ್ಜುವಾಗ ಅವಳ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. ಅಂಟು ಕಲಸುವ ದಿನ ನಡುಗಿತು. ಅಂಟಿಗೆ ಗಟ್ಟಿಯಾಗಿಸುವ ಔಷಧವನ್ನು ಹನಿ ಲೆಕ್ಕದಲ್ಲಿ ಬೆರೆಸಬೇಕು. ಬಾಟಲಿ ಹಿಡಿದ ಕೈ ಅಲುಗಿ ಒಂದು ಧಾರೆಯೇ ಬಿತ್ತು. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಲೋಟ ಕಾದು ಹೊಗೆಯಾಡತೊಡಗಿತು. ನಾನು ಇಕ್ಕಳದಲ್ಲಿ ಹಿಡಿದು ಹಿತ್ತಿಲಿಗೆ ಓಡಿ ಎಸೆದೆ. ಅದು ಮಣ್ಣಿನಲ್ಲಿ ಬುಸುಗುಟ್ಟಿ ಬಿರುಕು ಬಿಟ್ಟಿತು. ಒಳಗೆ ಬಂದು ನೋಡಿದರೆ ಅವಳು ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು, ಅವು ಬೇರೆಯವರ ಕೈಗಳೋ ಎಂಬಂತೆ ನೋಡುತ್ತಿದ್ದಳು. ಮೂರು ದಿನ ಆ ಕೋಣೆಯ ಕಡೆ ಹೋಗಲಿಲ್ಲ.

ನಾಲ್ಕನೆಯ ದಿನ ನಾನು ಅವಳಿಗೆ ಒಂದು ಕಥೆ ಹೇಳಿದೆ. ನಿನಗೂ ಹೇಳಿರಲಿಲ್ಲ, ನಿನ್ನ ಅಪ್ಪನಿಗೆ ಮಾತ್ರ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಐದನೆಯ ವರ್ಷ, ಪತ್ರಿಕೆಗೆ ಒಂದು ಸಾವಿನ ಪ್ರಕಟಣೆ ಬಂದಿತ್ತು. ಸತ್ತವರು ಅಣ್ಣ. ಪ್ರಕಟಣೆ ಕೊಟ್ಟವರು ತಮ್ಮ. ನಾನು ಎರಡು ಸಲ ಓದಿ, ಸರಿಯಿದೆ ಎಂದು ಸಹಿ ಹಾಕಿ ಕಳಿಸಿದ ಪುಟದಲ್ಲಿ ತಮ್ಮನ ಹೆಸರಿನ ಹಿಂದೆ 'ದಿವಂಗತ' ಎಂದು ಅಚ್ಚಾಗಿತ್ತು. ಆ ತಮ್ಮನ ತಾಯಿ ಇನ್ನೂ ಬದುಕಿದ್ದರು, ಬೇರೆ ಊರಲ್ಲಿದ್ದರು. ಒಬ್ಬ ಮಗ ಹೋದ ಸುದ್ದಿಯ ಬೆನ್ನಿಗೇ ಪತ್ರಿಕೆಯಲ್ಲಿ ಇನ್ನೊಬ್ಬನದನ್ನು ಓದಿದರು. ಅವರು ಹಾಸಿಗೆ ಹಿಡಿದರು. ಆ ತಮ್ಮ ಅಚ್ಚುಕೂಟಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತಾಗ ನನಗೆ ನೆಲ ಬಾಯಿಬಿಡಬಾರದೇ ಎನಿಸಿತ್ತು. ಅವರು ಬೈಯಲಿಲ್ಲ. "ಅಮ್ಮಾ, ನಾನಿನ್ನೂ ಇದ್ದೀನಿ. ಅದನ್ನ ಒಂದು ಸಲ ಅಚ್ಚು ಹಾಕಿಬಿಡಿ" ಎಂದರು, ಅಷ್ಟೇ. ಮರುದಿನ ಹಾಕಿದೆವು. ಅವರ ತಾಯಿ ಮೊದಲಿನಂತಾಗಲಿಲ್ಲ ಎಂದು ಆಮೇಲೆ ಕೇಳಿದೆ.

ನಿನ್ನ ಹೆಂಡತಿ ಕೇಳಿಸಿಕೊಂಡಳು. ಆಮೇಲೆ ಏನು ಮಾಡಿದಿರಿ ಎಂದು ಕೇಳಿದಳು. "ಮಾರನೇ ದಿನ ಕೆಲಸಕ್ಕೆ ಹೋದೆ. ಅವತ್ತಿಂದ ಹೆಸರುಗಳನ್ನ ಹಿಂದಿನಿಂದ ಮುಂದಕ್ಕೆ ಓದೋಕೆ ಶುರು ಮಾಡಿದೆ, ಒಂದೊಂದು ಅಕ್ಷರ ಬೆರಳಿಟ್ಟು. ಆ ತಪ್ಪು ಹೋಗಲಿಲ್ಲ. ಮೂವತ್ಮೂರು ವರ್ಷ ಇನ್ನೊಂದು ಹಾಗೆ ಆಗಲಿಲ್ಲ" ಎಂದೆ. ಸಂಜೆಯ ಹೊತ್ತಿಗೆ ಹಿಂದಿನ ಕೋಣೆಯಿಂದ ಉಜ್ಜುವ ಸದ್ದು ಬಂತು.

ಅಲ್ಲಿಂದ ಮುಂದೆ ಕೆಲಸ ಹಂಚಿಕೊಂಡೆವು. ಹನಿ ಎಣಿಸುವುದು ನನ್ನದು, ಹಾಕುವುದು ಅವಳದು. ಬಟ್ಟೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಏಳು ತುಂಡು ಕತ್ತರಿಸಿಟ್ಟುಕೊಂಡು, ನಾನು ಕಲಸಿಕೊಟ್ಟ ಅಂಟನ್ನು ಬಳಿದು, ಒಂದರ ಮೇಲೊಂದು ಕೂರಿಸಿದಳು. ಬಿಳಿಯ ಬಟ್ಟೆ ಅಂಟು ಕುಡಿಯುತ್ತಿದ್ದಂತೆ ನೀರಿನ ಹಾಗೆ ಪಾರದರ್ಶಕವಾಗಿ, ಕಣ್ಣೆದುರೇ ಮಾಯವಾಗಿಬಿಡುತ್ತಿತ್ತು. ನಾನು ಬೆರಳಿನಿಂದ ಒಂದು ಗುಳ್ಳೆ ಒತ್ತಲು ಹೋದರೆ ಕೈ ತಡೆದಳು. ಬೆರಳ ತುದಿಯಿಂದ ಒತ್ತಿದರೆ ಗುಂಡಿ ಬೀಳುತ್ತದೆ, ಕಟ್ಟಿನಲ್ಲಾದರೆ ಆ ಗುಂಡಿ ಚರ್ಮವನ್ನು ಕೊರೆದು ಹುಣ್ಣು ಮಾಡುತ್ತದೆ, ಆದ್ದರಿಂದ ಯಾವಾಗಲೂ ಅಂಗೈ ಎಂದಳು. ಹೇಳುತ್ತಾ ಅಂಗೈಯಲ್ಲಿ ಸವರಿದಳು. ಆಗ ನಾನು ಅವಳ ಕೈಗಳನ್ನು ನೋಡಿದೆ. ನಡುಗದೆ ನಿಂತಿದ್ದವು. ಹಾರಿಬಂದು ಕೂತ ಹಕ್ಕಿಯನ್ನು ಕಂಡವರು ಉಸಿರು ಬಿಗಿಹಿಡಿಯುವಂತೆ ಮುಂದಿನ ಲೋಟದ ಹನಿ ಎಣಿಸುತ್ತಾ ಕೂತೆ. ಮರುದಿನ ಬೆಳಗ್ಗೆ ಹೋಗಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆವು. ಹಳೆಯ ಮೈಗೂ ಹೊಸ ಮೈಗೂ ಒಂದೇ ಸದ್ದು. ಅವಳು ಕಿವಿ ಹಚ್ಚಿ ಇನ್ನೊಮ್ಮೆ ತಟ್ಟಿದಳು. ನಾನೂ ತಟ್ಟಿದೆ. ಇಬ್ಬರು ಹೆಂಗಸರು ಬೆಳಬೆಳಗ್ಗೆ ಊಟದ ಮೇಜಿನ ಮೇಲಿನ ಗಾಡಿಯ ಬಾಗಿಲು ತಟ್ಟುತ್ತಿದ್ದುದನ್ನು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ.

ಎಂಜಿನ್ನಿಗೆ ಮೂಲೆಮನೆಯ ಪಂಪಿನವರನ್ನು ಕರೆದೆವು. ಗೊತ್ತಲ್ಲ, ಜೀವಮಾನವೆಲ್ಲ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡಿ ಈಗ ಮಂಡಿನೋವೆಂದು ಮನೆಯಲ್ಲಿರುವವರು. ಮೊದಲು ಬೇಡವೆಂದರು. ಗಾಡಿಯ ಹಿಂಭಾಗ ಬಗ್ಗಿ ನೋಡಿದ ಮೇಲೆ ಮಂಡಿನೋವು ಮರೆತು ನೆಲದಲ್ಲೇ ಮಲಗಿಬಿಟ್ಟರು. "ಇದು ಪಂಪೇ ಕಣಮ್ಮಾ, ಪಂಪಿಗೆ ಹ್ಯಾಂಡಲ್ ಇಟ್ಟಿದ್ದಾರೆ ಅಷ್ಟೇ" ಎಂದರು. ಹೊರಗೆ ತಿರುಗುವ ಚಕ್ರವಿಲ್ಲ, ಹುಟ್ಟಿಲ್ಲ. ಹೊಟ್ಟೆಯಡಿಯಿಂದ ನೀರನ್ನು ಎಳೆದು, ಒಳಗಿನ ರೆಕ್ಕೆ ಅದನ್ನು ಹಿಂಡಿ, ಹಿಂದಿನ ಸಣ್ಣ ಬಾಯಿಂದ ಉಗುಳುತ್ತದೆ. ಉಗುಳಿದ ಬಿರುಸಿಗೆ ಗಾಡಿ ಮುಂದಕ್ಕೆ ಹೋಗುತ್ತದೆ. ನೀರನ್ನೇ ನೀರಿನ ಮೇಲೆ ಎಸೆದು ಓಡುವುದು. ನಿನಗೆ ಇದು ಅಆಇಈ, ನನಗೆ ಹಾಗಲ್ಲ. ಮೂರು ಸಲ ಹೇಳಿಸಿಕೊಂಡೆ, ಮೂರು ಸಲವೂ ಮೈ ಜುಮ್ಮೆಂದಿತು. ಸಿಲಿಂಡರುಗಳಲ್ಲಿ ಕಚ್ಚಿಕೊಂಡಿದ್ದ ಪಿಸ್ಟನ್ನುಗಳಿಗೆ ಎಣ್ಣೆ ಹಾಕಿ ಒಂಬತ್ತು ದಿನ ಕಾದರು. ಹತ್ತನೆಯ ದಿನ ಅವು ಕದಲಿದವು. ಎಂಜಿನ್ನನ್ನೂ ಪಂಪಿನ ದಂಡವನ್ನೂ ಒಂದೇ ನೇರಕ್ಕೆ ತರುವಾಗ ಎಷ್ಟು ಸಂದಿ ಇದೆ ಎಂದು ನೋಡಲು ನನ್ನ ಹಳೆಯ ಕಾಗದದ ಮಾದರಿಗಳನ್ನು ಕೇಳಿದರು. ಅಚ್ಚಿನ ಹಾಳೆ ಒಂದು ದಪ್ಪ, ರಟ್ಟು ಇನ್ನೊಂದು. ಒಂದು ಹಾಳೆ ದಪ್ಪ ಹೆಚ್ಚಾದರೂ ದಂಡ ಅದುರಿ ಸುತ್ತಲಿನ ಭಾಗಗಳನ್ನೇ ತಿಂದುಹಾಕುತ್ತದಂತೆ. ನನ್ನ ಕಸುಬೂ ಆ ಗಾಡಿಯೊಳಗೆ ಒಂದು ಹಾಳೆಯಷ್ಟು ಹೋಗಿದೆ ಎಂದು ತಿಳಿ. ಹಿತ್ತಿಲಲ್ಲಿ ಮೊದಲ ಸಲ ಚಾಲೂ ಮಾಡಿದಾಗ ತಂಪಿಗೆ ಕೊಳಾಯಿಯ ನೀರು ಕೊಡಬೇಕಿತ್ತು. "ಮೊದಲು ಎಂಜಿನ್, ಆಮೇಲೆ ನೀರು. ಉಲ್ಟಾ ಮಾಡಿದ್ರೆ ಮತ್ತೆ ಒಂಬತ್ತು ದಿನ" ಎಂದು ಅವರು ನನ್ನನ್ನು ನಲ್ಲಿಯ ಬಳಿ ಕಾವಲಿಗೆ ನಿಲ್ಲಿಸಿದರು. ಬೀದಿಯೆಲ್ಲ ನೀಲಿ ಹೊಗೆ. ಎದುರುಮನೆಯವರು ಬೆಂಕಿ ಬಿತ್ತೆಂದು ಬಕೆಟ್ ಹಿಡಿದುಕೊಂಡು ಬಂದರು, ಬಂದವರು ನಿಂತು ನೋಡಿ ಚಪ್ಪಾಳೆ ತಟ್ಟಿ ಹೋದರು.

ಇನ್ನು ನಿನ್ನ ಹೊಟ್ಟೆಯುರಿಯ ಭಾಗ. ಗಾಡಿ ಈಗ ನಿನ್ನ ಅಳತೆಗಿಲ್ಲ. ನೀನು ಆರಡಿಯವನು, ಅವಳು ನಿನ್ನ ಎದೆಯ ಮಟ್ಟದವಳು. ಹಿಡಿಕೆಯ ಉದ್ದನೆಯ ಕೋಲನ್ನು ನಾಲ್ಕು ಬೆರಳಗಲ ಕತ್ತರಿಸಿ ತೆಗೆದು ಕೂಡಿಸಿದ್ದಾಳೆ, ಹಿಡಿಕೆಯನ್ನು ಕಿರಿದು ಮಾಡಿದ್ದಾಳೆ, ನಿಲ್ಲುವ ತಟ್ಟೆಗೆ ಜಾರದ ಹಾಸು ಕತ್ತರಿಸಿ ಅಂಟಿಸಿದ್ದಾಳೆ. ಬಿದ್ದರೆ ಎಂಜಿನ್ ತಾನೇ ನಿಲ್ಲಲೆಂದು ಮಣಿಕಟ್ಟಿಗೆ ಕಟ್ಟುವ ಹಗ್ಗದ ಕೀಲಿ ಹಾಕಿಸಿದ್ದಾಳೆ. ನೀನು ಏಕೆ ಹಾಕಿಸಿರಲಿಲ್ಲ ಎಂದು ಬಂದಾಗ ಕೇಳುತ್ತೇನೆ. ತಿರುವಿನಲ್ಲಿ ಕಾಲು ಕಳಚದಂತೆ ಪಾದ ತೂರಿಸುವ ಎರಡು ಗೂಡುಗಳನ್ನು ಮಾಡಬೇಕಿತ್ತು. ತನ್ನ ಪಾದಕ್ಕೆ ತಾನೇ ಅಚ್ಚು ತೆಗೆಯಲಾಗದು, ನನ್ನದೂ ಅವಳದೂ ಒಂದೇ ಅಳತೆ. ನನ್ನನ್ನು ತಟ್ಟೆಯಲ್ಲಿ ನಿಲ್ಲಿಸಿ, ಪಾದಕ್ಕೆ ಪ್ಲಾಸ್ಟಿಕ್ ಸುತ್ತಿ, ಪ್ಲಾಸ್ಟರ್ ಪಟ್ಟಿ ನೆನೆಸಿ ಕೈಗೆತ್ತಿಕೊಂಡಳು. ನನ್ನ ಕಾಲಿನ ಬಿಸಿ ಅವಳ ಕೈಗೆ ತಾಗಿತೋ ಇಲ್ಲವೋ, ಆ ಕೈಗಳು ಮತ್ತೆ ನಡುಗಿದವು. ಪಟ್ಟಿ ನನ್ನ ಪಾದದ ಮೇಲೆ ಬಿತ್ತು. ಗಾಡಿಗೆ ಏಳು ಪದರ ಹಾಕಿದ ಕೈ, ಮನುಷ್ಯರ ಮೈ ಕಂಡರೆ ಹೆದರುತ್ತಿತ್ತು. ನಾನು ಜಾರಿದ ಪಟ್ಟಿಯನ್ನು ಎತ್ತಿಕೊಟ್ಟೆ. ಅವಳು ಬೇಡವೆಂದು ತಲೆಯಾಡಿಸಿದಳು. ನಿನ್ನ ಅಪ್ಪನ ಹಳೆಯ ರಬ್ಬರ್ ಬೂಟುಗಳಿಗೆ ಬಟ್ಟೆ ತುರುಕಿ ಅವುಗಳ ಮೇಲೆ ಗೂಡು ಮಾಡಿ, ಒಳಗೆ ಹಾಸು ಕೊಟ್ಟು ತನ್ನ ಅಳತೆಗೆ ತಂದಳು. ಅವತ್ತು ಊಟದ ಹೊತ್ತಿಗೆ, ಗಾಡಿ ಮುಗಿದ ಮೇಲೆ ಆಸ್ಪತ್ರೆಗೆ ರಾಜೀನಾಮೆ ಕೊಡುತ್ತೇನೆ, ಬರೆದಿಟ್ಟಿದ್ದೇನೆ, ಕಾಗುಣಿತ ನೋಡಿಕೊಡಿ ಎಂದಳು. ಒಂದು ತಪ್ಪೂ ಇರಲಿಲ್ಲ ಮಗಾ. ತಿದ್ದಲು ಏನೂ ಸಿಗದೆ ನಾನು ಮೊದಲ ಬಾರಿಗೆ ಅತ್ತುಬಿಟ್ಟೆ.

ಬಣ್ಣ ಗಿಳಿಹಸಿರು. ಪ್ಲಾಸ್ಟರ್ ಕೋಣೆಗೆ ಬರುವ ಮಕ್ಕಳಿಗೆ ಕಟ್ಟಿನ ಬಣ್ಣ ಆರಿಸಲು ಬಿಡುತ್ತಾರಂತೆ, ಹತ್ತರಲ್ಲಿ ಆರು ಮಕ್ಕಳು ಅದನ್ನೇ ಕೇಳುತ್ತಾರಂತೆ. ಅಳುತ್ತಾ ಬಂದವರು ಆ ಬಣ್ಣ ನೋಡಿ ಅಳು ನಿಲ್ಲಿಸುತ್ತಾರೆ ಎಂದಳು. ಬದಿಯ ನೋಂದಣಿ ಸಂಖ್ಯೆಯನ್ನು ಅವಳು ಬರೆದಳು, ನಾನು ಹಿಂದಿನಿಂದ ಮುಂದಕ್ಕೆ ಓದಿದೆ.

ಮೊನ್ನೆ ಗುರುವಾರ ಬೆಳಗ್ಗೆ ಕೆರೆಗೆ ಒಯ್ದೆವು. ಪಂಪಿನವರು ಯಾರದೋ ಗಾಡಿಗೆ ಯಾರದೋ ಟ್ರೇಲರ್ ಕಟ್ಟಿಸಿ ತಂದಿದ್ದರು. ಗಾಳಿಯಿರಲಿಲ್ಲ, ನೀರು ಇಸ್ತ್ರಿ ಮಾಡಿಟ್ಟ ಹಾಗಿತ್ತು. ತೇಲುವ ಕೋಟು, ತಲೆಗೆ ಹೆಲ್ಮೆಟ್, ಮಣಿಕಟ್ಟಿಗೆ ಕೀಲಿ. ಅವಳು ತಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕಾಲುಗಳನ್ನು ನೀರಿನಲ್ಲಿ ಎಳೆದುಕೊಂಡು ಹೊರಟಳು. ಹೀಗೆಯೇ ಶುರುವಾಗುವುದಂತೆ: ಮೊದಲು ಮಲಗುವುದು, ವೇಗ ಸಿಕ್ಕ ಮೇಲೆ ಮಂಡಿ, ಆಮೇಲೆ ಪಾದ. ಮಂಡಿಯವರೆಗೆ ಬಂದಳು, ಬಿದ್ದಳು. ಈಜಿ ಬಂದು ಹತ್ತಿದಳು, ಎಡಕ್ಕೆ ಬಿದ್ದಳು. ಬಲಕ್ಕೆ ಬಿದ್ದಳು. ಒಂದು ಸಲ ಗಾಡಿಯ ಮೇಲಿಂದ ಹಾರಿ ಆಚೆ ಬಿದ್ದಳು. ತಪ್ಪು ಎಣಿಸುವುದು ನನ್ನ ಹಳೆಯ ಚಾಳಿ, ಹದಿಮೂರು ಎಣಿಸಿದೆ. ಇವತ್ತಿಗೆ ಸಾಕು ಎಂದು ಪಂಪಿನವರು ಕೈಬೀಸಿದರು. ಅವಳು ನೋಡಲಿಲ್ಲವೋ, ನೋಡದಂತೆ ಮಾಡಿದಳೋ.

ಹದಿನಾಲ್ಕನೆಯ ಸಲ ಗಾಡಿಯ ಮೂತಿ ಮೇಲೆದ್ದಿತು, ಆಮೇಲೆ ಮೆಲ್ಲಗೆ ಕೆಳಗಿಳಿದು ನೀರಿಗೆ ಸಮನಾಯಿತು. ಅವಳು ಮಂಡಿಯಲ್ಲಿದ್ದಳು. ಒಂದು ಪಾದ ಬಂತು. ಒಲೆಯ ಮೇಲಿನ ಹಾಲು ನೆನಪಾಗಿ ನೆಲದಿಂದ ಏಳುತ್ತಾರಲ್ಲ, ಹಾಗೆ ಸಲೀಸಾಗಿ, ಬೇರೇನನ್ನೋ ಯೋಚಿಸುತ್ತಿರುವವಳಂತೆ, ಎದ್ದು ನಿಂತುಬಿಟ್ಟಳು. ಮಗನೇ, ನಿನಗೆ ಇದು ದಿನನಿತ್ಯದ ಆಟ. ದಡದಲ್ಲಿ ನಿಂತು ನೋಡುವವರ ಕಣ್ಣಿನಿಂದ ನೀನು ಎಂದೂ ನೋಡಿಲ್ಲ. ಅಷ್ಟು ಅಗಲದ ಕೆರೆ, ಹಿಡಿದುಕೊಳ್ಳಲು ಗೋಡೆಯಿಲ್ಲ, ಕಟಕಟೆಯಿಲ್ಲ, ಅದರ ನಟ್ಟನಡುವೆ ನಮ್ಮ ಮನೆಯ ಗಿಡ್ಡ ಹುಡುಗಿ ನೀರಿನ ಮೇಲೆ ನೆಟ್ಟಗೆ ನಿಂತು ಹೋಗುತ್ತಿದ್ದಾಳೆ. ಹಿಂದೆ ಬಿಳಿಯ ಗೆರೆ ಬಿಚ್ಚಿಕೊಳ್ಳುತ್ತಿದೆ. ಮೊದಲು ಅವಳು ಕಾಣಿಸುತ್ತಾಳೆ, ಸದ್ದು ಆಮೇಲೆ ಬರುತ್ತದೆ. ಆಚೆ ದಡದ ಬಳಿ ವಾಲಿದಳು. ಎಷ್ಟು ವಾಲಿದಳೆಂದರೆ ಮೊಣಕೈ ನೀರಿಗೆ ತಾಗಿ ಒಂದು ಸಣ್ಣ ರೆಕ್ಕೆ ಎದ್ದಿತು. ಬೀಳಲಿಲ್ಲ. ಪಾದಗಳು ಗೂಡಿನಲ್ಲಿದ್ದವು. ತಿರುಗಿ ನಮ್ಮತ್ತ ಬಂದಳು, ನಮ್ಮೆದುರಿನಿಂದ ಹಾದುಹೋಗುವಾಗ ಏನೋ ಕೂಗಿದಳು, ಕೇಳಿಸಲಿಲ್ಲ, ಬಾಯಿ ತುಂಬ ನಗುತ್ತಿದ್ದುದು ಮಾತ್ರ ಕಾಣಿಸಿತು. ಪಂಪಿನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಏಕೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಮೂವತ್ತೆಂಟು ವರ್ಷ ಕಂಡಕಂಡಲ್ಲೆಲ್ಲ 'ಅದ್ಭುತ' ಎಂಬ ಪದವನ್ನು ಅತಿಯಾಯಿತೆಂದು ಹೊಡೆದುಹಾಕಿದವಳು. ಈಗ ನಾನೇ ಬರೆಯುತ್ತಿದ್ದೇನೆ. ಅದ್ಭುತ. ಇದನ್ನು ಯಾರೂ ತಿದ್ದಬಾರದು.

ಅಂದು ಮನೆಗೆ ಬರುವುದು ಸ್ವಲ್ಪ ತಡವಾಯಿತು. ಗಾಡಿ ಈಗ ಹಿಂದಿನ ಕೋಣೆಯಲ್ಲಿ ಒಣಗುತ್ತಿದೆ. ಅವಳ ಗುಟ್ಟು ಹೇಳಿದೆನೆಂದು ಅವಳಿಗೆ ಹೇಳಬೇಡ. ಅವಳೇ ಹೇಳುವ ದಿನ ಈಗಷ್ಟೇ ತಿಳಿದವನಂತೆ ಕೇಳಿಸಿಕೋ. ನಿನಗೆ ನಟಿಸಲು ಬರುವುದಿಲ್ಲವೆಂದು ಗೊತ್ತು, ಸುಮ್ಮನಿರುವುದಕ್ಕಂತೂ ಬರುತ್ತದೆ. ಪಂಪಿನವರು ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ನಿನ್ನ ಜೊತೆ ಎಂಜಿನ್ ಕೋಣೆಯಲ್ಲಿ ಬೆವರುವ ಎಲ್ಲರನ್ನೂ ಕೇಳಿದೆನೆಂದು ತಿಳಿಸು. ನೀನಿರುವ ನೀರು ತಣ್ಣಗಿರಲಿ, ಕಾಲಡಿಯ ಹಲಗೆ ಗಟ್ಟಿಯಿರಲಿ, ಹೋದಷ್ಟೇ ಇಡಿಯಾಗಿ ಮನೆಗೆ ಬಾ.

ಇತಿ ನಿನ್ನ
ಅಮ್ಮ

ಮತ್ತೆ: ಪಂಪಿನವರು ಈ ಕಾಗದವನ್ನು ನಿನ್ನ ಕಂಪನಿಯ ಕಚೇರಿಗೆ ಮುಟ್ಟಿಸಲು ಬಾಗಿಲಲ್ಲಿ ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವಳು ನಗುತ್ತಾ ಹಾದುಹೋದಳಲ್ಲ, ಆಗ ನಾನು ಮುಂದಕ್ಕೆ ಓಡಿ ದೋಣಿ ಇಳಿಸುವ ಇಳಿಜಾರಿನ ಪಾಚಿಯಲ್ಲಿ ಜಾರಿದೆ. ಎಡ ಮಣಿಕಟ್ಟು ಮುರಿದಿದೆ. ಗಾಬರಿಯಾಗಬೇಡ, ಬರೆಯುವ ಕೈ ಅಲ್ಲ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕೋಣೆಯವರು ಶಸ್ತ್ರಚಿಕಿತ್ಸೆಯ ಕೋಣೆಗೆ ನೆರವಿಗೆ ಹೋಗಿದ್ದರು, ಎರಡು ಗಂಟೆ ಕಾಯಬೇಕು ಎಂದರು. ನಿನ್ನ ಹೆಂಡತಿ ಕೂದಲಿನಿಂದ ನೀರು ಸುರಿಸುತ್ತಾ ನನ್ನ ಪಕ್ಕದಲ್ಲಿ ನಿಂತಿದ್ದಳು. ನಾನು ಕೈ ಮುಂದೆ ಚಾಚಿ, "ನೀನೇ ಹಾಕು. ಸರಿ ಹೋಗದಿದ್ರೆ ಬಿಚ್ಚಿ ಇನ್ನೊಂದು ಸಲ ಹಾಕು, ನಾನೆಲ್ಲೂ ಹೋಗಲ್ಲ" ಎಂದೆ. ಬಹಳ ಹೊತ್ತು ಕೈ ತೊಳೆದುಕೊಂಡಳು. ಆಮೇಲೆ ವೈದ್ಯರ ಬಳಿ ಹೋಗಿ, ಸಂಕೋಚವಿಲ್ಲದೆ, ಊತ ಇಳಿಯುವ ತನಕ ಉದ್ದಕ್ಕೂ ಸೀಳು ಬಿಟ್ಟು ಕಟ್ಟುತ್ತೇನೆ ಎಂದಳು. ಅವರು ಹೂಂ ಎಂದರು. ಕಟ್ಟಿದಳು. ಅವಳ ಕೈ ನಡುಗಲಿಲ್ಲ. ನಾನು ಉದ್ದಕ್ಕೂ ನೋಡುತ್ತಿದ್ದೆ, ಒಂದು ಸಲವೂ ನಡುಗಲಿಲ್ಲ. ರಾಜೀನಾಮೆಯ ಹಾಳೆಯಿಂದ ನಿನ್ನೆ ಅಡುಗೆಮನೆಯ ಕಪಾಟಿಗೆ ಹಾಸು ಕತ್ತರಿಸಿದಳು. ಸೋಮವಾರ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿಯವರೆಗೆ ಗಂಟೆಗೊಮ್ಮೆ ಬಂದು ನನ್ನ ಬೆರಳುಗಳ ಬಣ್ಣ ನೋಡಿ, ಮಡಚಿ ಬಿಚ್ಚಲು ಹೇಳುತ್ತಾಳೆ. ಇಗೋ, ಬಂದಳು. ಮಡಚಿ ತೋರಿಸಿದೆ. ಐದೂ ಆಡುತ್ತಿವೆ.